ಹಳೆಯ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಪೆಡಲನ್ನು ಶಿವಮೊಗ್ಗದಲ್ಲಿ ಕೂತು ಮನೆಯಲ್ಲೇ ಕಟ್ಟಬಹುದಾ?

ಖಂಡಿತ ಕಟ್ಟಬಹುದು. ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಸ್ವಲ್ಪ ಒರಟಾಗಿಸುವ, ಕಾಲಿನಿಂದ ಒತ್ತುವ ಡಬ್ಬಿ ಅದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ನಾನು ಎರಡು ಕಟ್ಟಿದ್ದೇನೆ.

ಐಬನೇಜ್ ಕಂಪನಿಯ ಟಿಎಸ್808 ಅನ್ನೋ ಹಳೆಯ ಟ್ಯೂಬ್ ಸ್ಕ್ರೀಮರ್ ಮಾಡೆಲಿನ ಜೀವಾಳ ಇರುವುದು ಸಿಗ್ನಲ್ ಹಿಗ್ಗಿಸುವ 4558 ಅನ್ನೋ ಎಂಟು ಕಾಲಿನ ಐಸಿ ಮತ್ತು ಅದರ ಫೀಡ್‌ಬ್ಯಾಕ್ ದಾರಿಯಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿ) ಎದುರುಬದುರು ಕೂತ ಎರಡು ಸಿಲಿಕಾನ್ ಡಯೋಡ್‌ಗಳಲ್ಲಿ. ಸಿಗ್ನಲ್ ಜಾಸ್ತಿಯಾದಾಗ ಡಯೋಡ್‌ಗಳು ಸುಮಾರು 0.6 ವೋಲ್ಟ್‌ಗೆ ತೆರೆದುಕೊಂಡು ಅಲೆಯ ತುದಿಯನ್ನು ಮೆತ್ತಗೆ ದುಂಡಾಗಿಸುತ್ತವೆ. ಗಿಟಾರಿನ ಮೂಲ ಸಿಗ್ನಲ್ ಕೂಡ ಅದರ ಜೊತೆಗೇ ಬರುತ್ತದೆ. ಅದಕ್ಕೇ ಬೆರಳಿನ ಏರಿಳಿತ ಅಷ್ಟು ಚೆನ್ನಾಗಿ ಕೇಳಿಸೋದು.

4.7ಕೆ (ಕಿಲೋ ಓಮ್) ರೆಸಿಸ್ಟರ್, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಯನ್ನು ಮಾತ್ರ ಬದಲಿಸಬೇಡಿ. ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಇಳಿಯುವುದು ಇದರಿಂದಲೇ. ಬೇಸ್ ಕೆಸರಾಗದೆ ಮಧ್ಯದ ದನಿ ಮುಂದೆ ಬರುತ್ತದೆ. ಔಟ್‌ಪುಟ್‌ನಲ್ಲಿ 100 ಓಮ್ ಮತ್ತು 10ಕೆ ರೆಸಿಸ್ಟರ್ ಹಾಕಿ. 470 ಓಮ್, 100ಕೆ ಹಾಕಿದರೆ ಅದು ಆಮೇಲೆ ಬಂದ ಟಿಎಸ್9 ಮಾಡೆಲ್ ಆಗುತ್ತದೆ, ಸರ್ಕ್ಯೂಟಿನಲ್ಲಿ ಮುಖ್ಯ ವ್ಯತ್ಯಾಸ ಅಷ್ಟೇ.

ಹಳೆಯ ಜಪಾನಿ ಐಸಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಸಾಮಾನ್ಯ 4558, 1ಎನ್4148 ಡಯೋಡ್ ಸಾಕು. ಐಸಿಗೆ ಸಾಕೆಟ್ ಬೆಸುಗೆ ಹಾಕಿದರೆ ಆಮೇಲೆ ಬೇರೆ ಹಾಕಿ ನೋಡಬಹುದು.

ನಮ್ಮ ಮಲೆನಾಡಿನಲ್ಲಿ ನಿಜವಾದ ಶತ್ರು ಮಳೆಗಾಲ. ಮೊದಲ ಬೋರ್ಡಿನ ಫ್ಲಕ್ಸ್ (ಬೆಸುಗೆ ಹಾಕುವಾಗ ಉಳಿಯುವ ಅಂಟು) ತೊಳೆಯದೆ ಬಿಟ್ಟಿದ್ದೆ. ಆಷಾಢ ಕಳೆಯುವಷ್ಟರಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ದನಿ ಕರಕರ ಅನ್ನತೊಡಗಿತು. ತುಂಬಾ ಬೇಜಾರಾಯಿತು. ಎರಡನೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ, ಅಲ್ಯೂಮಿನಿಯಂ ಡಬ್ಬಿಯಲ್ಲಿ ಕೂರಿಸಿದೆ. ಡಬ್ಬಿಯನ್ನು ಗ್ರೌಂಡ್‌ಗೆ ಜೋಡಿಸಲು ಮರೆಯಬೇಡಿ, ಇಲ್ಲದಿದ್ದರೆ ಗುಂಯ್ ಅನ್ನೋ ಸದ್ದು ಬಿಡಲ್ಲ.