ಕಿಡ್ನಿ ಕಾಪಾಡುವ ಅರಿವಳಿಕೆ ಮದ್ದು ಕೇಳಬಹುದಾ?

ನಿಮ್ಮ ತಂದೆಯವರ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ) 1.6, ಹೊಟ್ಟೆಯ ದೊಡ್ಡ ಆಪರೇಷನ್ ಇದೆ, ಕಿಡ್ನಿ ಕಾಪಾಡುವ ಅರಿವಳಿಕೆ ಮದ್ದನ್ನೇ ಕೊಡಿ ಅಂತ ಕೇಳಬಹುದಾ ಎಂದಿದ್ದೀರಿ. ಧಾರಾಳವಾಗಿ ಕೇಳಿ. ಆದರೆ ಮದ್ದಿನ ಹೆಸರಿಗೇ ಪಟ್ಟು ಹಿಡಿಯಬೇಡಿ.

ಕಿಡ್ನಿಗೆ ಹರಿಯುವ ರಕ್ತ ಕಡಿಮೆಯಾಗಿ ಮತ್ತೆ ಹರಿದಾಗ ಅದಕ್ಕೆ ಪೆಟ್ಟು ಬೀಳುತ್ತದೆ. ಅರಿವಳಿಕೆಗೆ ಬಳಸುವ ಸೆವೊಫ್ಲುರೇನ್, ಪ್ರೊಪೊಫಾಲ್, ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮದ್ದುಗಳು ಈ ಪೆಟ್ಟನ್ನು ತಗ್ಗಿಸುವುದು ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬಿಪಿ ಮತ್ತು ಡ್ರಿಪ್. ಆಪರೇಷನ್ ನಡೆಯುವಾಗ ಬಿಪಿ ಜಾಸ್ತಿ ಹೊತ್ತು ಕುಸಿದರೆ ಯಾವ ಮದ್ದೂ ಕಿಡ್ನಿ ಉಳಿಸುವುದು ಕಷ್ಟ. 2018ರ ‘ರಿಲೀಫ್’ ಎಂಬ ಅಧ್ಯಯನ ಹೊಟ್ಟೆಯ ದೊಡ್ಡ ಆಪರೇಷನ್‌ಗಳ ಬಗ್ಗೆಯೇ, ಸುಮಾರು 3,000 ಜನರ ಮೇಲೆ ನಡೆದದ್ದು. ಡ್ರಿಪ್ ತೀರಾ ಬಿಗಿಹಿಡಿದು ಕೊಟ್ಟವರಲ್ಲಿ 8.6% ಜನರ ಕಿಡ್ನಿಗೆ ಪೆಟ್ಟಾಯಿತು. ಸ್ವಲ್ಪ ಧಾರಾಳವಾಗಿ ಕೊಟ್ಟವರಲ್ಲಿ 5%. ದೊಡ್ಡ ವ್ಯತ್ಯಾಸ ಅಲ್ವಾ?

ಅರಿವಳಿಕೆ ಡಾಕ್ಟರನ್ನು ಮೊದಲೇ ಭೇಟಿಯಾಗಿ, ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ. ಬಿಪಿ ಎಷ್ಟಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೀರಿ ಎಂದು ಕೇಳಿ. ಅಪ್ಪ ಮಂಡಿನೋವಿಗೆ ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗುತ್ತಿದ್ದರೆ ಖಂಡಿತ ಹೇಳಿ, ಅದು ಕಿಡ್ನಿಗೆ ಕೆಟ್ಟದ್ದು. ಬಿಪಿ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ಮಾಡಿ.