ಒಂಟಾರಿಯೊದಲ್ಲಿ ಮೀನು ಹಿಡಿಯೋಕೆ ಮೋಟರ್ ಕನೂ: ಮೊದಲು ನೀರು ನೋಡಿ, ಆಮೇಲೆ ದೋಣಿ

ನೀವು ಕೇಳಿದ್ದು ಇಷ್ಟು. ಕೆನಡಾದ ಒಂಟಾರಿಯೊಗೆ ಬಂದು ಎರಡು ತಿಂಗಳಾಯಿತು, ಅಪಾರ್ಟ್‌ಮೆಂಟಿನಲ್ಲಿದ್ದೀರಿ, ಸಣ್ಣ ಕಾರಿದೆ, ಈಜು ಅಷ್ಟಕ್ಕಷ್ಟೇ, ವಾರಾಂತ್ಯದಲ್ಲಿ ಗೆಳೆಯನ ಜೊತೆ ಕೆರೆಗೆ ಹೋಗಿ ಗಾಳ ಹಾಕುವ ಆಸೆ. ಯಾರೋ 16 ಅಡಿಯ ಹಳೇ ಕನೂ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಮತ್ತು 9.9 ಎಚ್‌ಪಿ ಪೆಟ್ರೋಲ್ ಮೋಟರ್ ಎರಡನ್ನೂ ಸೇರಿಸಿ ಮಾರುತ್ತಿದ್ದಾರೆ, ತಗೊಳ್ಳಲಾ ಅಂತ. ಬೇಡ. ಕನೂ ಚೆನ್ನಾಗಿರಬಹುದು, ಮೋಟರೂ ಚೆನ್ನಾಗಿರಬಹುದು. ಆದರೆ ಅವೆರಡನ್ನೂ ಒಟ್ಟಿಗೆ ಕಟ್ಟಿಕೊಂಡು ನೀರಿಗಿಳಿಯುವುದು ಅಪಾಯ.

ಇಲ್ಲಿ 9.9 ಮೋಟರ್ ಎಲ್ಲೆಲ್ಲೂ ಕಾಣುವುದಕ್ಕೆ ಒಂದು ಕಾರಣವಿದೆ. 10 ಎಚ್‌ಪಿ ಅಥವಾ ಅದಕ್ಕಿಂತ ಜಾಸ್ತಿ ಮೋಟರ್ ಇದ್ದರೆ ದೋಣಿಗೆ ಕೇಂದ್ರ ಸರ್ಕಾರದ ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾದಿಂದ ಲೈಸೆನ್ಸ್ ಪಡೆದು ಅದರ ನಂಬರನ್ನು ಎರಡೂ ಪಕ್ಕ ಬರೆಸಬೇಕು. ಸಣ್ಣ ದೋಣಿಗೆ 9.9 ಹಾಕಿದರೆ ಆ ಗೋಜಿಲ್ಲ. ಹಾಗಾಗಿ ಅದು 14 ಅಡಿಯ ಅಲ್ಯೂಮಿನಿಯಂ ದೋಣಿಗೆ ಹೇಳಿ ಮಾಡಿಸಿದ ಮೋಟರ್, ಕನೂಗಲ್ಲ. ಅದರ ತೂಕ ಸುಮಾರು 40 ಕಿಲೋ. ಅಷ್ಟನ್ನು ಕನೂವಿನ ಹಿಂಬದಿಗೆ ನೇತುಹಾಕಿ, ಅದರ ಪಕ್ಕದಲ್ಲೇ ನೀವೂ ಕೂತರೆ ಮುಂಭಾಗ ಗಾಳಿಗೆ ಎದ್ದು ನಿಲ್ಲುತ್ತದೆ, ಹಿಂಭಾಗ ನೀರಿಗೆ ಕುಸಿಯುತ್ತದೆ. ವೇಗವಾದರೂ ಸಿಗುತ್ತಾ ಅಂದರೆ ಅದೂ ಇಲ್ಲ. ಕನೂ ನೀರನ್ನು ಸೀಳಿಕೊಂಡು ಹೋಗುವ ದೋಣಿ, ನೀರಿನ ಮೇಲೆ ಜಾರುವ ದೋಣಿಯಲ್ಲ. 16 ಅಡಿಯ ಕನೂ ಗಂಟೆಗೆ 9-10 ಕಿಲೋಮೀಟರ್ ಮುಟ್ಟಿದ ಮೇಲೆ ನೀವು ಕೊಡುವ ಹೆಚ್ಚಿನ ಶಕ್ತಿಯೆಲ್ಲ ಹಿಂದೆ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ.

ಹಾಗಾದರೆ ಯಾವುದು? ಮೋಟರಿನಿಂದ ಯೋಚನೆ ಶುರು ಮಾಡಬೇಡಿ. ಮೊದಲು ಯಾವ ನೀರಿಗೆ ಹೋಗುತ್ತೀರಿ ಅಂತ ನೋಡಿ. ಆಮೇಲೆ ಅದನ್ನು ಯಾರು ಎತ್ತುತ್ತಾರೆ, ಎಲ್ಲಿಡುತ್ತೀರಿ ಅಂತ ನೋಡಿ. ಇವೆರಡು ಗೊತ್ತಾದರೆ ಮೋಟರ್ ಯಾವುದು ಅಂತ ತಾನಾಗೇ ಗೊತ್ತಾಗುತ್ತದೆ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಇಲ್ಲಿ ಲೇಕ್ ಅನ್ನುವ ಹೆಸರಿರುವುದೆಲ್ಲ ಒಂದೇ ಥರ ಇರುವುದಿಲ್ಲ. ಸಿಮ್ಕೋ 700 ಚದರ ಕಿಲೋಮೀಟರಿಗಿಂತ ದೊಡ್ಡದು. ನಿಪಿಸ್ಸಿಂಗ್ ಇನ್ನೂ ದೊಡ್ಡದು, ಆದರೆ ಸರಾಸರಿ ಆಳ ಐದು ಮೀಟರ್ ಕೂಡ ಇಲ್ಲ. ಆಳ ಕಮ್ಮಿ ಇದ್ದರೆ ಸುರಕ್ಷಿತ ಅಂತ ಅನಿಸುತ್ತದೆ ಅಲ್ವಾ, ವಾಸ್ತವ ಉಲ್ಟಾ. ಅಗಲವಾದ, ಆಳವಿಲ್ಲದ ನೀರಿನಲ್ಲಿ ಗಾಳಿ ಎದ್ದರೆ ಅಲೆಗಳು ಬೇಗ ಏಳುತ್ತವೆ, ಒತ್ತೊತ್ತಾಗಿ ಕಡಿದಾಗಿ ಬರುತ್ತವೆ, ಕನೂವಿನ ಅಂಚು ದಾಟಿ ಒಳಗೆ ಬೀಳುವುದು ಅಂಥ ಅಲೆಗಳೇ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಇಂಥ ಕೆರೆಗಳ ನಡುನೀರಿಗೆ ಕನೂ ತಗೊಂಡು ಹೋಗಲೇಬೇಡಿ, ಮೋಟರ್ ಎಷ್ಟೇ ಇರಲಿ. ಕವಾರ್ಥಾ ಕಡೆಯ ಚಿಕ್ಕ ಕೆರೆಗಳು, ರೈಸ್ ಲೇಕಿನ ಜೊಂಡು ಬೆಳೆದ ಕೊಲ್ಲಿಗಳು, ನಿಧಾನವಾಗಿ ಹರಿಯುವ ನದಿಗಳು ನಿಮಗೆ ಸರಿ. ಬಾಸ್, ಬ್ಲೂಗಿಲ್, ಪರ್ಚ್ ಎಲ್ಲ ದಡದ ಹತ್ತಿರ ಕಳೆ ಇರುವ ಕಡೆಯೇ ಇರುತ್ತವೆ, ದೂರ ಹೋಗುವ ಅಗತ್ಯವೇ ಇಲ್ಲ. ಆದರೆ ಈ ಕವಾರ್ಥಾ ಕೆರೆಗಳಲ್ಲಿ ಹಲವು ಟ್ರೆಂಟ್-ಸೆವರ್ನ್ ಜಲಮಾರ್ಗಕ್ಕೆ ಸೇರಿದವು, ಜುಲೈ ಆಗಸ್ಟ್‌ನಲ್ಲಿ ದೊಡ್ಡ ದೋಣಿಗಳು ಓಡಾಡುತ್ತವೆ. ಅವು ಎಬ್ಬಿಸುವ ಅಲೆ ಬಂದರೆ ಪಕ್ಕ ಕೊಡಬೇಡಿ, ದೋಣಿಯ ಮೂತಿಯನ್ನು ಸ್ವಲ್ಪ ಓರೆಯಾಗಿ ಅಲೆಯ ಕಡೆಗೇ ತಿರುಗಿಸಿ, ವೇಗ ಇಳಿಸಿ.

ಇನ್ನು ಎತ್ತುವುದು. ನಿಮ್ಮ ಕಾರಿನ ಕೈಪಿಡಿಯಲ್ಲಿ ಛಾವಣಿ ಎಷ್ಟು ತೂಕ ತಡೆಯುತ್ತದೆ ಅಂತ ಬರೆದಿರುತ್ತದೆ, ಇವತ್ತೇ ತೆಗೆದು ನೋಡಿ. ರ‍್ಯಾಕಿನ ತೂಕವೂ ಅದರಲ್ಲೇ ಸೇರುತ್ತದೆ. 12 ಅಡಿಯ ಅಲ್ಯೂಮಿನಿಯಂ ದೋಣಿ ನಿಜಕ್ಕೂ ಗಟ್ಟಿ, ಕನೂಗಿಂತ ಜಾಸ್ತಿ ಸ್ಥಿರ, ನಿಮಗೊಂದು ಗ್ಯಾರೇಜ್ ಮತ್ತು ಟ್ರೇಲರ್ ಎಳೆಯುವ ಕಾರ್ ಇದ್ದಿದ್ದರೆ ಕಣ್ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ ಅದು 50-60 ಕಿಲೋ ಬರುತ್ತದೆ. ದಿನವಿಡೀ ನೀರಿನ ಮೇಲಿದ್ದು ಸುಸ್ತಾದ ಮೇಲೆ, ಕತ್ತಲಾಗುವ ಹೊತ್ತಿಗೆ, ಇಬ್ಬರೇ ಅದನ್ನು ಎತ್ತಿ ಕಾರಿನ ಮೇಲಿಡಬೇಕು ಅನ್ನುವುದನ್ನು ನೆನಪಿಡಿ. ಎತ್ತೋಕೆ ಕಷ್ಟವಾದ ದೋಣಿ ಎರಡನೇ ತಿಂಗಳಿಗೆ ಮೂಲೆ ಸೇರುತ್ತದೆ, ಇದನ್ನು ಸುತ್ತಮುತ್ತ ಬಹಳ ನೋಡಿದ್ದೇನೆ.

ಆದ್ದರಿಂದ ನಿಮಗೆ ನಾನು ಹೇಳುವುದು ಹಿಂಬದಿ ಚಪ್ಪಟೆಯಾಗಿ ಕತ್ತರಿಸಿದ ಕನೂ, ಇಲ್ಲಿನವರು ಸ್ಕ್ವೇರ್ ಸ್ಟರ್ನ್ ಅನ್ನುತ್ತಾರೆ. 14ರಿಂದ 16 ಅಡಿ, ತಳ ಅಗಲವಾಗಿರಲಿ. ಮೋಟರನ್ನು ನೇರವಾಗಿ ಹಿಂಬದಿಗೆ ಬಿಗಿಯಬಹುದು. ಎರಡೂ ತುದಿ ಚೂಪಾದ ಮಾಮೂಲಿ ಕನೂಗೆ ಪಕ್ಕಕ್ಕೆ ಚಾಚುವ ಬ್ರಾಕೆಟ್ ಹಾಕಬೇಕು, ಆಗ ಭಾರವೂ ತಳ್ಳುವ ಬಲವೂ ಒಂದು ಪಕ್ಕಕ್ಕೇ ಬೀಳುತ್ತವೆ. ಸಣ್ಣ ಎಲೆಕ್ಟ್ರಿಕ್ ಮೋಟರಿಗೆ ಅದು ನಡೆಯುತ್ತದೆ, ಪೆಟ್ರೋಲ್ ಮೋಟರಿಗೆ ನನಗೆ ಸುತರಾಂ ಇಷ್ಟವಿಲ್ಲ.

ಮೋಟರ್ ಎಲೆಕ್ಟ್ರಿಕ್ ಇರಲಿ. ಅಪಾರ್ಟ್‌ಮೆಂಟಿನಲ್ಲಿ ಪೆಟ್ರೋಲ್ ಕ್ಯಾನ್ ಇಡುವುದು ಸುರಕ್ಷಿತವಲ್ಲ, ಬ್ಯಾಟರಿ ಆದರೆ ಮೇಲೆ ತಗೊಂಡು ಹೋಗಿ ಚಾರ್ಜ್ ಮಾಡಬಹುದು. ಜೊತೆಗೆ ಪೆಟ್ರೋಲ್ ಮೋಟರ್ ನಿಷೇಧಿಸಿ ಎಲೆಕ್ಟ್ರಿಕ್‌ಗೆ ಮಾತ್ರ ಅವಕಾಶ ಕೊಟ್ಟ ಕೆರೆಗಳೂ ಇವೆ. ಅಲ್ಗೊಂಕ್ವಿನ್ ಪಾರ್ಕಿನ ಬಹುಪಾಲು ಕೆರೆಗಳಲ್ಲಿ ಯಾವ ಮೋಟರೂ ಇಲ್ಲ, ಬರೀ ಹುಟ್ಟು, ಹಾಗಾಗಿ ಹೋಗುವ ಮೊದಲು ಆಯಾ ಕೆರೆಯ ನಿಯಮ ಓದಿ. ಎಲೆಕ್ಟ್ರಿಕ್ ಮೋಟರಿನ ತಳ್ಳುವ ಬಲವನ್ನು ಪೌಂಡ್ ಲೆಕ್ಕದಲ್ಲಿ ಹೇಳುತ್ತಾರೆ. ಇಬ್ಬರಿಗೆ 40ರಿಂದ 55 ಪೌಂಡ್ ಸಾಕು, ಅದು 12 ವೋಲ್ಟ್‌ನ ಒಂದೇ ಬ್ಯಾಟರಿಯಲ್ಲಿ ಓಡುತ್ತದೆ. 55 ಪೌಂಡಿನದು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಅಂದರೆ 100 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಗೆ ಖಾಲಿ. ಅರ್ಧ ವೇಗಕ್ಕಿಳಿಸಿದರೆ ಅದೇ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ, ಮೀನು ಹಿಡಿಯುವಾಗ ಬೇಕಾಗಿರುವುದೂ ಆ ನಿಧಾನವೇ. ಬ್ಯಾಟರಿಗೆ ಮಾತ್ರ ಜಿಪುಣತನ ಮಾಡಬೇಡಿ. ಸೀಸದ ಬ್ಯಾಟರಿ 30 ಕಿಲೋ ತೂಗುತ್ತದೆ, ಅದರಲ್ಲಿ ಅರ್ಧದಷ್ಟನ್ನೇ ಬಳಸಬೇಕು, ಇಲ್ಲವಾದರೆ ಬೇಗ ಹಾಳಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕಿಂತ ಕಮ್ಮಿ ತೂಕ, ಬಹುತೇಕ ಪೂರ್ತಿ ಬಳಸಬಹುದು. ಬೆಲೆ ಜಾಸ್ತಿ, ಆದರೆ ನಿಮ್ಮ ಬೆನ್ನಿಗೂ ಕನೂಗೂ ಅದೇ ಒಳ್ಳೆಯದು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬೇಡಿ. ಬ್ಯಾಟರಿಯನ್ನು ಡಬ್ಬಿಯಲ್ಲಿಟ್ಟು ದೋಣಿಯ ಮುಂಭಾಗಕ್ಕೆ ಇಟ್ಟರೆ ಹಿಂಬದಿಯ ಭಾರ ಸರಿಹೋಗುತ್ತದೆ, ಬ್ಯಾಟರಿಗೂ ಮೋಟರಿಗೂ ಮಧ್ಯೆ ಒಂದು ಸರ್ಕ್ಯೂಟ್ ಬ್ರೇಕರ್ ಇರಲೇಬೇಕು. ಹುಟ್ಟು ಎರಡು ಯಾವಾಗಲೂ ಜೊತೆಗಿರಲಿ.

ಕಾಗದಪತ್ರ. ಎಷ್ಟೇ ಸಣ್ಣ ಮೋಟರ್ ಆಗಲಿ, ಎಲೆಕ್ಟ್ರಿಕ್ಕೇ ಆಗಲಿ, ನಡೆಸುವವರ ಹತ್ತಿರ ಪ್ಲೆಷರ್ ಕ್ರಾಫ್ಟ್ ಆಪರೇಟರ್ ಕಾರ್ಡ್, ಅಂದರೆ ದೋಣಿ ನಡೆಸಲು ಅರ್ಹತೆ ತೋರಿಸುವ ಕಾರ್ಡ್ ಇರಬೇಕು. ಆನ್‌ಲೈನ್‌ನಲ್ಲಿ ಓದಿ ಪರೀಕ್ಷೆ ಬರೆಯಬಹುದು, ಒಮ್ಮೆ ಪಾಸಾದರೆ ಜೀವನಪೂರ್ತಿ ಸಾಕು. ಮೀನಿಗೆ ಔಟ್‌ಡೋರ್ಸ್ ಕಾರ್ಡ್ (ಮೀನು ಹಿಡಿಯುವವರ, ಬೇಟೆಯಾಡುವವರ ಗುರುತಿನ ಕಾರ್ಡ್) ಮತ್ತು ಫಿಶಿಂಗ್ ಲೈಸೆನ್ಸ್ ಬೇರೆ. ಒಂಟಾರಿಯೊ ನಿವಾಸಿ ದರ ಸಿಗಬೇಕಾದರೆ ಇಲ್ಲಿ ಸತತ ಆರು ತಿಂಗಳು ವಾಸ ಮಾಡಿರಬೇಕು, ನಿಮಗಿನ್ನೂ ಎರಡೇ ತಿಂಗಳಾಗಿದೆ, ಅರ್ಜಿಯಲ್ಲಿ ಸುಮ್ನೆ ನಿವಾಸಿ ಅಂತ ಟಿಕ್ ಮಾಡಬೇಡಿ. ಯಾವ ಮೀನು ಯಾವಾಗ, ಎಷ್ಟು ಅನ್ನುವುದು ವಲಯದಿಂದ ವಲಯಕ್ಕೆ ಬದಲಾಗುತ್ತದೆ. ಮತ್ತೆ, 2022ರ ಜನವರಿಯಿಂದ ದೋಣಿಯನ್ನು ಒಂದು ಕೆರೆಯಿಂದ ತೆಗೆದು ರಸ್ತೆಗೆ ಹಾಕುವ ಮುಂಚೆ ನೀರು ಬಸಿದು, ಅಂಟಿಕೊಂಡ ಕಳೆ, ಚಿಪ್ಪು ಎಲ್ಲ ತೆಗೆಯುವುದು ಕಡ್ಡಾಯ. ಜೀಬ್ರಾ ಮಸೆಲ್ ಅನ್ನುವ ಪುಟ್ಟ ಚಿಪ್ಪುಜೀವಿ ಥರದ ಹೊರಗಿನ ಜೀವಿಗಳು ಹಾಗೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡಿದ್ದು.

ಈಜು ಅಷ್ಟಕ್ಕಷ್ಟೇ ಅಂದಿರಲ್ಲ, ಅದಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ಕಾನೂನಿನ ಪ್ರಕಾರ ತಲೆಗೊಂದು ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಕು. ನೀವು ಮಾತ್ರ ಅದನ್ನು ಹಾಕಿಕೊಂಡೇ ಕೂತಿರಬೇಕು, ಇಡೀ ಹೊತ್ತು. ಏಪ್ರಿಲ್, ಮೇನಲ್ಲಿ ಬಿಸಿಲು ಚೆನ್ನಾಗಿರುತ್ತದೆ, ಟೀ ಶರ್ಟ್ ಸಾಕು ಅನಿಸುತ್ತದೆ, ಆದರೆ ನೀರು ಮಂಜು ಕರಗಿದ ನೀರು. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ತಣ್ಣೀರಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದವರು, ಅವರ 1-10-1 ಲೆಕ್ಕ ಇಲ್ಲಿ ದೋಣಿ ನಡೆಸುವವರಿಗೆಲ್ಲ ಗೊತ್ತು. ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ತರಬೇಕು. ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ತಪ್ಪುವುದಕ್ಕೆ ಒಂದು ಗಂಟೆ ಬೇಕು. ಜಾಕೆಟ್ ಇಲ್ಲದಿದ್ದರೆ ಬಹಳಷ್ಟು ಸಲ ಆ ಒಂದು ಗಂಟೆಯವರೆಗೆ ಬರುವುದೇ ಇಲ್ಲ, ಅದಕ್ಕೂ ಬಹಳ ಮುಂಚೆಯೇ ನೀರು ಕುಡಿದು ಮುಳುಗುವ ಅಪಾಯವಿದೆ. ಜೊತೆಗೆ 15 ಮೀಟರಿನ ತೇಲುವ ಹಗ್ಗ, ನೀರು ಎತ್ತಿಹಾಕುವ ಡಬ್ಬಿ, ಸೀಟಿ, ಟಾರ್ಚ್ ಇವೆಲ್ಲ ಇರಬೇಕು. ಮೀನು ಎಳೆಯುವಾಗ ಎದ್ದು ನಿಲ್ಲಬೇಡಿ. ಒಬ್ಬರು ಒಂದು ಪಕ್ಕ ಬಾಗಿದರೆ ಇನ್ನೊಬ್ಬರು ಕೂತಲ್ಲೇ ಇರಿ.

ಈ ಬೇಸಿಗೆ ಮೊದಲು ಬಾಡಿಗೆಗೆ ತಗೊಂಡು ನೋಡಿ. ಚಪ್ಪಟೆ ಹಿಂಬದಿಯ ಕನೂ ಒಮ್ಮೆ, ಅಲ್ಯೂಮಿನಿಯಂ ದೋಣಿ ಒಮ್ಮೆ. ಬಾಡಿಗೆ ದೋಣಿಗೆ ಅವರು ಕೊಡುವ ಸುರಕ್ಷತಾ ಪಟ್ಟಿಯನ್ನು ಓದಿ ಸಹಿ ಹಾಕಿದರೆ ಅಷ್ಟು ಹೊತ್ತಿಗೆ ಕಾರ್ಡಿನ ಬದಲು ಅದೇ ನಡೆಯುತ್ತದೆ. ಆಮೇಲೆ ಹಳೆಯದನ್ನು ಕೊಳ್ಳುವಾಗ ಒಳಗೆ ಒಂದೆರಡು ಬಕೆಟ್ ನೀರು ಸುರಿದು ಹೊರಗಡೆ ಎಲ್ಲಾದರೂ ಜಿನುಗುತ್ತದಾ ನೋಡಿ. ಮೋಟರ್ ಬಿಗಿಯುವ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ಒಳಗೆ ಕೊಳೆತಿದೆ. ಎಷ್ಟು ಜನ, ಎಷ್ಟು ತೂಕ, ಎಷ್ಟು ಎಚ್‌ಪಿ ಅಂತ ಬರೆದ ಫಲಕ ಸಾಮಾನ್ಯವಾಗಿ ಒಳಗಡೆ ಅಂಟಿಸಿರುತ್ತಾರೆ, ಬ್ಯಾಟರಿ, ಮೋಟರ್, ಸಾಮಾನು ಎಲ್ಲ ಆ ತೂಕದೊಳಗೇ ಬರಬೇಕು. ಕನೂ ಒಂದನ್ನೇ ಕೊಡುತ್ತಾರಾ ಅಂತ ಆ ಮಾರುವವರನ್ನು ಕೇಳಿ, ಹಿಂಬದಿಯ ಮತ್ತು ಆ ಫಲಕದ ಫೋಟೋ ಕಳಿಸಿ, ನಿಮ್ಮ ಕಾರ್ ಯಾವುದು ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.