ಕನ್ವೇಯರ್‌ಗೆ ಸೇಫ್ಟಿ ರಿಲೇ ಸಾಕಾ, ಸೇಫ್ಟಿ ಪಿಎಲ್‌ಸಿ ಹಾಕಬೇಕಾ?

ನಿಮ್ಮ ಕನ್ವೇಯರ್‌ಗೆ ಗ್ರಾಹಕರು ಪಿಎಲ್-ಡಿ (ಸುರಕ್ಷತಾ ವ್ಯವಸ್ಥೆಯನ್ನು ಎಷ್ಟು ನಂಬಬಹುದು ಅನ್ನೋ ಎ-ಯಿಂದ ಇ-ವರೆಗಿನ ದರ್ಜೆಗಳಲ್ಲಿ ನಾಲ್ಕನೆಯದು) ಕೇಳಿದ್ದಾರೆ; ಎಮರ್ಜೆನ್ಸಿ ಬಟನ್ ಒತ್ತಿದಾಗ ಮೋಟರ್ ನಿಲ್ಲಿಸೋಕೆ ಸರಳ ಸೇಫ್ಟಿ ರಿಲೇನಾ, ಪ್ರೋಗ್ರಾಂ ಹಾಕುವ ಸೇಫ್ಟಿ ಪಿಎಲ್‌ಸಿನಾ, ಯಾವ ಡಬ್ಬ ಕೊಳ್ಳಲಿ ಅಂತ ಕೇಳಿದ್ದೀರಿ. 11 ವರ್ಷದ ಹಿಂದೆ ಪೀಣ್ಯದಲ್ಲಿ ಪ್ಯಾನೆಲ್ ಮಾಡಿಕೊಂಡಿದ್ದಾಗ ನಾನೂ ಇದನ್ನೇ ಸಿಕ್ಕಸಿಕ್ಕವರನ್ನು ಕೇಳಿಕೊಂಡು ತಿರುಗುತ್ತಿದ್ದೆ. ಕೊನೆಗೆ ಪಿಎಲ್-ಇ ವರೆಗೂ ನಡೆಯುವ ಒಳ್ಳೇ ರಿಲೇನೇ ತಂದು ಹಾಕಿದೆ. ಆದರೂ ಒಬ್ಬ ಹೆಲ್ಪರ್ ಹುಡುಗನ ಎರಡು ಬೆರಳು ಹೋದವು.

ನಾನು ಪ್ಯಾನೆಲ್ ಮಾಡಿಕೊಟ್ಟಿದ್ದು 3 ಎಚ್‌ಪಿ ಮೋಟರಿನ ಬೆಲ್ಟ್ ಕನ್ವೇಯರ್‌ಗೆ. ಮೋಟರಿಗೆ ಹೋಗುವ ಲೈನಿನಲ್ಲಿ ಒಂದಾದ ಮೇಲೊಂದು ಎರಡು ಕಾಂಟ್ಯಾಕ್ಟರ್, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಪಾಯಿಂಟ್ ಕೂಡಿಸಿ, ತೆಗೆದಾಗ ಬಿಡಿಸುವ ಸ್ವಿಚ್. ಒಂದರ ಪಾಯಿಂಟ್ ಅಂಟಿಕೊಂಡರೂ ಇನ್ನೊಂದು ಕಡಿಯುತ್ತೆ. ಇಲ್ಲಿವರೆಗೆ ಸರಿಯಾಗೇ ಮಾಡಿದ್ದೆ. ಆದರೆ ಒಂದು ಅಂಟಿಕೊಂಡಿದೆ ಅಂತ ಗೊತ್ತಾಗೋದು ಹೇಗೆ? ಬೆಲ್ಟ್ ನಿಲ್ಲುತ್ತಲೇ ಇರುತ್ತೆ, ಯಾರಿಗೂ ಅನುಮಾನ ಬರಲ್ಲ. ಅದಕ್ಕೇ ಎರಡೂ ಕಾಂಟ್ಯಾಕ್ಟರಿನ ಎನ್‌ಸಿ ಪಾಯಿಂಟನ್ನು (ಮುಖ್ಯ ಪಾಯಿಂಟ್ ಬಿಟ್ಟಾಗ ಮಾತ್ರ ಮುಚ್ಚುವ ಜೊತೆ ಪಾಯಿಂಟ್) ಸೀರೀಸ್ ಮಾಡಿ ರಿಲೇಯ ಫೀಡ್‌ಬ್ಯಾಕ್ ಟರ್ಮಿನಲ್‌ಗೆ ತರೋದು. ಕಾಂಟ್ಯಾಕ್ಟರ್ ಅಂಟಿದ್ದರೆ ಅದರ ಎನ್‌ಸಿ ಮುಚ್ಚಲ್ಲ, ಅದು ಮುಚ್ಚದೆ ರಿಲೇ ರಿಸೆಟ್ ಆಗಲ್ಲ. ಬೆಳಿಗ್ಗೆ ಮಷಿನ್ ಶುರುವಾಗದಿದ್ದರೆ ಯಾರಾದರೂ ಪ್ಯಾನೆಲ್ ಬಾಗಿಲು ತೆಗೆದೇ ತೆಗೆಯುತ್ತಾರೆ.

ಟ್ರಯಲ್ ದಿನ ರಿಸೆಟ್ ಆಗಲಿಲ್ಲ. ಆ ಎನ್‌ಸಿ ಪಾಯಿಂಟ್ ಇರುವ ಆಕ್ಸಿಲರಿ ಬ್ಲಾಕ್ ಒಂದು ಸರಿಯಾಗಿ ಕೂತಿರಲಿಲ್ಲ, ಅಷ್ಟೇ. "ಸಾರ್, ಸಂಜೆ ಲಾರಿ ಬಂದ್ಬಿಡತ್ತೆ" ಅಂದ ಸೂಪರ್‌ವೈಸರ್. ನಾಲ್ಕಿಂಚು ವೈರ್ ಕತ್ತರಿಸಿ ಫೀಡ್‌ಬ್ಯಾಕ್ ಟರ್ಮಿನಲ್ ಎರಡನ್ನೂ ಶಾರ್ಟ್ ಮಾಡಿದೆ. ರಿಸೆಟ್ ಆಯಿತು. ಮುಂದಿನ ವಾರ ಬ್ಲಾಕ್ ಬದಲಾಯಿಸುತ್ತೇನೆ ಅಂದೆ. ಪೇಮೆಂಟ್ ಬಂತು, ಮರೆತೆ.

ಬೆಲ್ಟ್ ಪಕ್ಕಕ್ಕೆ ಸರಿದಾಗಲೆಲ್ಲ ಆಪರೇಟರ್ ಬೆಲ್ಟನ್ನು ಸ್ವಲ್ಪ ಸ್ವಲ್ಪವೇ ಓಡಿಸುವ ಇಂಚಿಂಗ್ ಬಟನ್ ಟಕಟಕ ಒತ್ತುತ್ತಿದ್ದ. ನಾನು ಹಾಕಿದ್ದು ಎಸಿ-3 ಲೆಕ್ಕದ, ಅಂದರೆ ಪೂರ್ತಿ ವೇಗದಲ್ಲಿ ಓಡುವ ಮೋಟರನ್ನು ನಿಲ್ಲಿಸುವ ಲೆಕ್ಕದ ಕಾಂಟ್ಯಾಕ್ಟರ್. ಇಂಚಿಂಗ್‌ಗೆ ಎಸಿ-4 ರೇಟಿಂಗ್ ನೋಡಬೇಕು, ಸ್ಟಾರ್ಟಿಂಗ್ ಕರೆಂಟನ್ನೇ ಕಡಿಯಬೇಕಲ್ಲ; ಇಲ್ಲದಿದ್ದರೆ ಪಾಯಿಂಟ್ ಸುಟ್ಟು ಅಂಟಿಕೊಳ್ಳಬಹುದು. ಒಂದು ದಿನ ಆ ಹುಡುಗ ಬನಿಯನ್ ವೇಸ್ಟ್ ಹಿಡಿದು ಬೆಲ್ಟಿನ ಹಿಂದಿನ ತುದಿಯ ಟೇಲ್ ಪುಲ್ಲಿ ಒರೆಸುತ್ತಿದ್ದಾನೆ, ಬಟ್ಟೆ ಸಿಕ್ಕಿಕೊಂಡಿತು. ಎಮರ್ಜೆನ್ಸಿ ಬಟನ್ ಒತ್ತಿದರು. ರಿಲೇಯ ಲೈಟ್ ಆರಿತು, ಎರಡೂ ಕಾಯಿಲ್‌ನ ಸಪ್ಲೈ ನಿಂತಿತು, ಬೆಲ್ಟ್ ಮಾತ್ರ ಓಡುತ್ತಲೇ ಇತ್ತು. ಯಾರೋ ಓಡಿಹೋಗಿ ಮೇನ್ ಇಳಿಸಿದರು.

ಮರುದಿನ ಬಿಚ್ಚಿ ನೋಡಿದೆ. ಎರಡರ ಪಾಯಿಂಟೂ ಅಂಟಿಕೊಂಡಿತ್ತು. ಒಂದು ಕಾಂಟ್ಯಾಕ್ಟರಿನಲ್ಲಿ ಅಂಟಿದ ಜಾಗ ಕಪ್ಪಾಗಿ ಧೂಳು ಹಿಡಿದಿತ್ತು, ಇನ್ನೊಂದರದು ಹೊಸದಾಗಿ ಹೊಳೆಯುತ್ತಿತ್ತು. ಮೊದಲನೆಯದು ಎಷ್ಟು ತಿಂಗಳಿಂದ ಹಾಗೇ ಇತ್ತೋ. ಆ ತುಂಡು ವೈರ್ ಇಲ್ಲದಿದ್ದರೆ ಮಾರನೇ ಬೆಳಿಗ್ಗೆಯೇ ಸಿಕ್ಕಿಬೀಳುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಎರಡು ಬಟನ್, ಒಂದು ಗೇಟ್ ಇದ್ದರೆ ರಿಲೇ ಧಾರಾಳ ಸಾಕು. ಪಿಎಲ್-ಡಿ ಅನ್ನೋದು ಡಬ್ಬಕ್ಕೆ ಸಿಗುವ ಮಾರ್ಕ್ ಅಲ್ಲ. ಈ ದರ್ಜೆ ಕೊಡುವ ಸ್ಟ್ಯಾಂಡರ್ಡ್ ಐಎಸ್‌ಒ 13849-1 ನೋಡೋದು ಬಟನ್‌ನಿಂದ ಹಿಡಿದು ಕೊನೇ ಕಾಂಟ್ಯಾಕ್ಟರ್‌ವರೆಗೆ ಇಡೀ ಸರಪಳಿಯನ್ನ, ಕೆಟ್ಟರೆ ಪತ್ತೆಯಾಗುತ್ತಾ ಅನ್ನೋದನ್ನೂ ಸೇರಿಸಿ. ಇನ್ನು ಟೇಲ್ ಪುಲ್ಲಿಗೆ ಮೆಶ್ ಗಾರ್ಡ್ ಹಾಕಿದ್ದೀರಾ? ಅದನ್ನು ನೀವು ಬರೆದೇ ಇಲ್ಲ. ಎಮರ್ಜೆನ್ಸಿ ಬಟನ್ ಗಾರ್ಡ್‌ಗೆ ಬದಲಿ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನೇ ಓಡುವ ಭಾಗಕ್ಕೆ ಬೇಲಿ ಹಾಕಿ ಅಂದಿತ್ತು, ನಾನು ಅದನ್ನೂ ಫ್ಯಾಬ್ರಿಕೇಟರ್ ತಲೆಗೆ ಕಟ್ಟಿದ್ದೆ.

ಮಷಿನ್ ಒಪ್ಪಿಸುವ ದಿನ ಮೇನ್ ಆಫ್ ಮಾಡಿ ಫೀಡ್‌ಬ್ಯಾಕ್ ವೈರ್ ಒಂದನ್ನು ಬಿಚ್ಚಿ, ಆಮೇಲೆ ಆನ್ ಮಾಡಿ ರಿಸೆಟ್ ಒತ್ತಿ. ಆಗಬಾರದು. ಆಗಿಬಿಟ್ಟರೆ ಎಲ್ಲಿ ಶಾರ್ಟ್ ಮಾಡಿದ್ದಾರೆ ಹುಡುಕಿ. ಲಾರಿ ಕಾಯಲಿ.